ಮ್ಯಾನ್ಸ್‌ಫೀಲ್ಡ್ ರಸ್ತೆಯ ಹಸಿರು ಕೋಟು

ಅಡಿಲೇಡ್, ಆಸ್ಟ್ರೇಲಿಯಾ
14 ಅಕ್ಟೋಬರ್ 1956

ಪ್ರೀತಿಯ ಹಿಲ್ಡಾ ಚಿಕ್ಕಮ್ಮ,

ಹಡಗಿನಿಂದ ಇಳಿದು ಏಳು ವಾರವಾಯಿತು. ಅಮ್ಮನಿಗೆ ಎರಡು ಪತ್ರ ಬರೆದೆ, ಉತ್ತರವಿಲ್ಲ. ಅಪ್ಪ ಬರೆಯಗೊಡುತ್ತಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಓದಿದ ಮೇಲೆ ಒಲೆಗೆ ಹಾಕಿಬಿಡು.

ಇಲ್ಲಿ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಕೀತ್ ಅಂತ ಒಬ್ಬ ಬಡಗಿಯ ಪರಿಚಯವಾಗಿದೆ. ಒಳ್ಳೆಯವನು, ಮಾತು ಕಡಿಮೆ. ಮಗುವಿನ ವಿಷಯ ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಆದರೆ ಒಂದು ಮಾತು ನನ್ನನ್ನು ನಿದ್ದೆ ಮಾಡಗೊಡುತ್ತಿಲ್ಲ. ಕಳೆದ ವರ್ಷ ಏಪ್ರಿಲ್‌ನಲ್ಲಿ, ರೂಥ್‌ಗೆ ಆರು ವಾರ ತುಂಬಿದ ದಿನ, ಅವಳನ್ನು ನನ್ನ ಕೈಯಿಂದ ತೆಗೆದುಕೊಂಡ ದತ್ತು ಸಂಸ್ಥೆಯ ಹೆಂಗಸು ಸಮಾಧಾನ ಮಾಡಲು ಹೋಗಿ ಬಾಯಿ ತಪ್ಪಿ ಅಂದುಬಿಟ್ಟಳು: 'ಒಳ್ಳೆ ಮನೆಗೇ ಹೋಗ್ತಿದೆ ಕಣಮ್ಮ. ಶೆರ್‌ವುಡ್ ಅಂಗಡಿಗಳು ದಾಟಿದ್ರೆ ಪಾರ್ಕ್ ಇಲ್ವಾ, ಅದರ ಹತ್ರಾನೇ. ಮಗೂಗೆ ಒಳ್ಳೆ ಗಾಳಿ.' ಆಮೇಲೆ ತುಟಿ ಕಚ್ಚಿಕೊಂಡಳು.

ಅದು ನಿನ್ನ ಮ್ಯಾನ್ಸ್‌ಫೀಲ್ಡ್ ರಸ್ತೆ, ಚಿಕ್ಕಮ್ಮ. ದಿನಕ್ಕೆ ಎಂಟು ಸಲ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ನೀನು ಆ ಪಾರ್ಕಿನ ಮುಂದೆ ಹೋಗುತ್ತೀಯ.

ನಿನಗೆ ಗುರುತು ಹೇಳುತ್ತೇನೆ. ಆ ಹೆರಿಗೆ ಆಶ್ರಮದಲ್ಲಿ ಮಗುವಿನ ಜೊತೆ ಕಳುಹಿಸುವ ಬಟ್ಟೆಯನ್ನು ನಾವೇ ಹೆಣೆಯಬೇಕಿತ್ತು. ಉಳಿದ ಹುಡುಗಿಯರೆಲ್ಲ ಹಸುಗೂಸಿನ ಅಳತೆಗೆ ಹೆಣೆದರು. ನಾನೂ ಹೆಣೆದೆ. ಆದರೆ ಒಂದು ಕೋಟನ್ನು ಮಾತ್ರ ಎರಡು ವರ್ಷದ ಮಗುವಿನ ಅಳತೆಗೆ ಹೆಣೆದೆ. ಉಣ್ಣೆ ದಂಡ ಮಾಡ್ತಿದ್ದೀಯ ಅಂತ ಮೇಟ್ರನ್ ಬೈದಳು. ಎರಡನೇ ಚಳಿಗಾಲದಲ್ಲೂ ನನ್ನದೊಂದು ಅವಳ ಮೈಮೇಲೆ ಇರಲಿ ಅಂತ ನನಗೆ ಆಸೆ. ಹಸಿರು ಕೋಟು, ಮೈತುಂಬ ಕಪ್ಪೆಚಿಪ್ಪಿನ ಆಕಾರದ ಹೆಣಿಗೆ. ಎಡತೋಳಿನ ಅಂಚಿನಲ್ಲಿ ಒಂದು ಚಿಪ್ಪು ತಲೆಕೆಳಗಾಗಿದೆ. ಅದನ್ನು ಹೆಣೆಯುವಾಗ ರೂಥ್ ಅತ್ತಳು ಅಂತ ಎದ್ದು ಹೋಗಿದ್ದೆ, ಬಂದು ಕಡ್ಡಿ ತಿರುಗಿಸಿ ಹಿಡಿದುಬಿಟ್ಟೆ. ಬಿಚ್ಚಲು ಮನಸ್ಸು ಬರಲಿಲ್ಲ.

ಈ ಚಳಿಗಾಲವೇ ಆ ಎರಡನೇ ಚಳಿಗಾಲ. ಮಾತಾಡಿಸಬೇಡ, ಏನೂ ಮಾಡಬೇಡ. ಕಂಡೆ ಅಂತ ಒಂದು ಸಾಲು ಬರೆದರೆ ಸಾಕು.

ನಿನ್ನ ಬೆರಿಲ್


ನಾಟಿಂಗ್‌ಹ್ಯಾಮ್
2 ಡಿಸೆಂಬರ್ 1956

ಬೆರಿಲ್‌ಗೆ,

ನಿನಗೆ ತಲೆ ನೆಟ್ಟಗಿದೆಯಾ? ಪಾರ್ಕಿನ ಆ ದಿಣ್ಣೆಯಲ್ಲಿ ಮನೆಗೊಂದು ಕೂಸಿದೆ. ಎಲ್ಲವೂ ಮೂಗಿನವರೆಗೆ ಉಣ್ಣೆ ಸುತ್ತಿಕೊಂಡು ಬರುತ್ತವೆ, ಹೆಣ್ಣೋ ಗಂಡೋ ಅಂತಲೇ ಗೊತ್ತಾಗುವುದಿಲ್ಲ. ನಾನು ಟಿಕೆಟ್ ಕೊಡುವುದು ಬಿಟ್ಟು ಕಂಡವರ ಮಕ್ಕಳ ತೋಳು ತಿರುವಿ ನೋಡುತ್ತ ನಿಂತರೆ ಪೊಲೀಸರನ್ನು ಕರೆಯುತ್ತಾರೆ.

ಇಲ್ಲಿ ಮಂಜೋ ಮಂಜು. ನಿನ್ನೆ ವಿಕ್ಟೋರಿಯಾ ಸ್ಟೇಷನ್ ಗಡಿಯಾರದಿಂದ ಸ್ಮಶಾನದ ಮೂಲೆಯವರೆಗೆ ನಾನು ಕೈಯಲ್ಲಿ ಲಾಟೀನು ಹಿಡಿದು ಬಸ್ಸಿನ ಮುಂದೆ ನಡೆದೆ. ಡ್ರೈವರ್ ಸಿರಿಲ್ ಹಿಂದಿನಿಂದ, 'ಹಿಲ್ಡಾ, ನೀನು ಅಡ್ಡಡ್ಡ ಹೋಗ್ತಿದೀಯ, ಸ್ಮಶಾನದ ಒಳಗೇ ಕರ್ಕೊಂಡು ಹೋಗ್ತೀಯೇನು' ಅಂತ ಕೂಗುತ್ತಿದ್ದ. ಕೈ ಮರಗಟ್ಟಿತ್ತು. ಚರ್ಚ್ ಹಾಲಿನ ಹಳೇ ಬಟ್ಟೆ ಮಾರಾಟದಲ್ಲಿ ಕೊಂಡ ಕೈಗವಸು ಇಲ್ಲದಿದ್ದರೆ ಬೆರಳು ಉದುರಿಹೋಗುತ್ತಿದ್ದವು.

ನಿನ್ನಮ್ಮ ಚೆನ್ನಾಗಿದ್ದಾಳೆ. ನಿನ್ನ ಪತ್ರಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾಳೆ. ಭಾವನಿಗೆ ಹೆದರುತ್ತಾಳೆ, ಅವಳ ಕಥೆ ನಿನಗೆ ಗೊತ್ತಲ್ಲ.

ಆದದ್ದು ಆಯಿತು. ಆ ಬಡಗಿಯನ್ನು ಮದುವೆಯಾಗು, ಮಗುವನ್ನು ಮರೆತುಬಿಡು. ಇನ್ನು ಈ ವಿಷಯ ಎತ್ತಬೇಡ.

ಹಿಲ್ಡಾ

ಮರೆತೆ: ಹಸಿರು ಅಂದರೆ ಯಾವ ಹಸಿರು? ಬಟಾಣಿಯ ಹಸಿರೋ, ನಮ್ಮ ಬಸ್ಸಿನ ಹಸಿರೋ?


ನಾಟಿಂಗ್‌ಹ್ಯಾಮ್
19 ಫೆಬ್ರವರಿ 1957

ಬೆರಿಲ್,

ಕೂತುಕೊಂಡು ಓದು.

ಬಸ್ಸಿನ ಹಸಿರು ಅಂತ ನೀನು ಬರೆದದ್ದು ಜನವರಿಯಲ್ಲಿ ತಲುಪಿತು. ಅಂದಿನಿಂದ ನನ್ನ ಕಣ್ಣು ನನ್ನ ಮಾತು ಕೇಳುತ್ತಿಲ್ಲ. ಡೇಬ್ರೂಕ್ ಬಿಟ್ಟು ಬಸ್ಸು ದಿಣ್ಣೆ ಹತ್ತಲು ಶುರುಮಾಡಿದರೆ ಸಾಕು, ನಾನು ಹಿಂದಿನ ಮೆಟ್ಟಿಲಲ್ಲಿ ಕಂಬ ಹಿಡಿದು ಪಾರ್ಕ್ ಗೇಟಿನ ಕಡೆಗೇ ನೋಡುತ್ತಿರುತ್ತೇನೆ.

ಇವತ್ತು ಬೆಳಿಗ್ಗೆ ಎಂಟೂ ಹತ್ತಕ್ಕೆ ಆ ಸ್ಟಾಪಿನಲ್ಲಿ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹತ್ತಿದಳು. ಹಸಿರು ಕೋಟು. ಚಿಪ್ಪಿನ ಹೆಣಿಗೆ. ನನ್ನ ಎದೆ ಹೇಗೆ ಹೊಡೆದುಕೊಂಡಿತು ಅಂದರೆ ಟಿಕೆಟ್ ಯಂತ್ರ ಅಲುಗಾಡಿತು. 'ಎಷ್ಟು ಚೆಂದ ಕೋಟು ಪುಟ್ಟೀದು' ಅಂತ ಮಗುವಿನ ಎಡಗೈ ಹಿಡಿದೆ. ಐದು ಚಿಪ್ಪು ನೆಟ್ಟಗಿದ್ದವು, ಆರನೆಯದು ತಲೆಕೆಳಗೆ.

ಕಾರಿಂಗ್ಟನ್ ಬರುವವರೆಗೆ ನಾನು ಒಂದು ಗಂಟೆಯನ್ನೂ ಹೊಡೆಯಲಿಲ್ಲ. ಸಿರಿಲ್ ತನ್ನ ಕ್ಯಾಬಿನ್ನಿನ ಹಿಂದಿನ ಗಾಜು ಬಡಿದು ಸತ್ತಿದ್ದೀಯೋ ಬದುಕಿದ್ದೀಯೋ ಅಂತ ಕೇಳಿದ.

ಅವಳನ್ನು ಜಿಲ್ ಅಂತ ಕರೆಯುತ್ತಾರೆ. ಕೆನ್ನೆ ತುಂಬಿಕೊಂಡಿದೆ, ಕೂದಲು ಒಣ ಜೊಂಡಿನ ಬಣ್ಣ. ಆ ಹೆಂಗಸು ಮಿಸೆಸ್ ಬ್ರಾಡ್ಲಿ, ಸಾದಾ ಸೀದಾ, ನಗುಮುಖ. ಇಳಿಯುವಾಗ, 'ಜಿಲ್, ಕಂಡಕ್ಟರಮ್ಮಂಗೆ ಟಾಟಾ ಮಾಡು' ಅಂದಳು. ನಿನ್ನ ಮಗಳು ನನಗೆ ಟಾಟಾ ಮಾಡಿದಳು.

ನಾನು ಅಳುವವಳಲ್ಲ, ನಿನಗೆ ಗೊತ್ತು. ಇವತ್ತು ಡಿಪೋದಲ್ಲಿ ಚಹಾ ಕುಡಿಯುತ್ತ ಅತ್ತೆ.

ಹಿಲ್ಡಾ ಚಿಕ್ಕಮ್ಮ


ಅಡಿಲೇಡ್
10 ಮಾರ್ಚ್ 1957

ಪ್ರೀತಿಯ ಚಿಕ್ಕಮ್ಮ,

ನಿನ್ನ ಪತ್ರ ನಿನ್ನೆ ಬಂತು. ನಿನ್ನೆಯೇ ಅವಳಿಗೆ ಎರಡು ತುಂಬಿತು. ಕಾರ್ಖಾನೆಯ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ನಾಲ್ಕು ಸಲ ಓದಿದೆ. ಜಿಲ್, ಜಿಲ್ ಅಂತ ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ರೂಥ್ ಅನ್ನುವುದು ನನಗೊಬ್ಬಳಿಗೇ ಇರಲಿ.

ಅವಳಿಗೆ ಬೆಚ್ಚಗಿದೆ. ನಾನು ಹೆಣೆದದ್ದು ಹಾಕಿಕೊಂಡಿದ್ದಾಳೆ. ಆ ಹೆಂಗಸು ಅದನ್ನು ಎಸೆಯಲಿಲ್ಲ, ಎರಡು ವರ್ಷ ತೆಗೆದಿಟ್ಟು ತೊಡಿಸಿದ್ದಾಳೆ. ಅವಳು ಒಳ್ಳೆಯವಳೇ ಇರಬೇಕು ಅಂತ ನನಗೆ ಧೈರ್ಯ ಬಂದಿದೆ.

ಮೇ ತಿಂಗಳಲ್ಲಿ ಕೀತ್ ಜೊತೆ ನನ್ನ ಮದುವೆ. ಅವನಿಗೆ ಮಕ್ಕಳೆಂದರೆ ಪ್ರಾಣ. ಮುಂದಿನ ವರ್ಷ ನಾವು ಮೂವರಾಗುತ್ತೇವೆ, ನೋಡುತ್ತಿರು.

ತಿಂಗಳಿಗೊಂದು ಪತ್ರ ಬರಿ. ಜೊತೆಗೆ ರಸ್ತೆಯನ್ನೂ ಬರಿ. ಯಾವ ಅಂಗಡಿಯ ಮುಂದೆ ಅವಳು ಏನು ನೋಡಿದಳು, ಎಲ್ಲಿ ಇಳಿದಳು ಅಂತ. ಕಣ್ಣು ಮುಚ್ಚಿದರೆ ನಾನೂ ಆ ಬಸ್ಸಿನಲ್ಲಿ ಕೂತಿರುತ್ತೇನೆ.

ಬೆರಿಲ್


ನಾಟಿಂಗ್‌ಹ್ಯಾಮ್
2 ಅಕ್ಟೋಬರ್ 1960

ಪ್ರೀತಿಯ ಬೆರಿಲ್,

ಜಿಲ್ ಸ್ಕೂಲಿಗೆ ಸೇರಿದಳು! ಕಾರಿಂಗ್ಟನ್ ಚರ್ಚ್ ಸ್ಕೂಲು. ದಿನಾ ಎಂಟೂ ಹತ್ತಕ್ಕೆ ಪಾರ್ಕ್ ಗೇಟಿನಲ್ಲಿ ಹತ್ತುತ್ತಾಳೆ. ಮೊದಲ ವಾರ ಮಿಸೆಸ್ ಬ್ರಾಡ್ಲಿಯ ಕೋಟು ಹಿಡಿದು ಗೋಳಾಡಿದಳು. ಈಗ ನೋಡಬೇಕು ನೀನು, ರಾಣಿ! ಶೆರ್‌ವುಡ್‌ನಲ್ಲಿ ಮಾಂಸದಂಗಡಿಯವನಿಗೆ ಕಿಟಕಿಯಿಂದ ನಾಲಿಗೆ ಚಾಚುತ್ತಾಳೆ, ಅವನು ಕತ್ತಿ ತೋರಿಸಿ ಹೆದರಿಸುತ್ತಾನೆ. ಬೇಕರಿ ಬಂದಾಗ ಮೂಗು ಗಾಜಿಗೆ ಒತ್ತುತ್ತಾಳೆ. ಆ ಗಾಜಿನ ಮೇಲಿನ ಗುರುತನ್ನು ನಾನು ಒರೆಸುವುದಿಲ್ಲ.

ಈ ಗುರುವಾರ ಜಾತ್ರೆ ಶುರು. ಮೈದಾನದಲ್ಲಿ ತಿರುಗು ಕುದುರೆಗಳು ಬಂದಿವೆ, ಬಸ್ಸೆಲ್ಲ ಆಗಲೇ ಜಾತ್ರೆಯಲ್ಲಿ ಮಾರುವ ಪುದೀನ ಹಾಕಿದ ಬಟಾಣಿಯ ವಾಸನೆ. ಜಿಲ್ ಹೇಳಿದಳು, ಅಪ್ಪ ಅವಳನ್ನು ಅದರಲ್ಲಿರುವ ಮರದ ಕೋಳಿಯ ಮೇಲೆ ಕೂರಿಸಿ ತಿರುಗಿಸುತ್ತಾನಂತೆ. ಕುದುರೆ ಬೇಡವಂತೆ ಅವಳಿಗೆ, ಕೋಳಿಯೇ ಬೇಕಂತೆ.

ಒಂದೇ ಕಿರಿಕಿರಿ. ಅದೇ ಸ್ಟಾಪಿನಲ್ಲಿ ಇನ್ನೊಂದು ಹುಡುಗಿ ಹತ್ತುತ್ತದೆ, ಹೇಝೆಲ್ ಅಂತ. ಪೋಲಿಯೋ ಬಡಿದು ಬಲಗಾಲು ಕಬ್ಬಿಣದ ಸರಳಿನಲ್ಲಿದೆ. ಅದರ ತಾಯಿ ಮಿಸೆಸ್ ಲೋಮಸ್ ತುಟಿ ಬಿಗಿಹಿಡಿದ ಹೆಂಗಸು, ಟೋಪಿ ಇಲ್ಲದೆ ಹೊರಬೀಳುವವಳಲ್ಲ. ಅವಳು ಎತ್ತಿ ಹತ್ತಿಸುತ್ತಾಳೆ, ಸರಳು ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸುವಷ್ಟರಲ್ಲಿ ಎರಡು ನಿಮಿಷ ಹೋಯಿತು. ಸ್ಟೇಷನ್ ಗಡಿಯಾರದ ಹತ್ತಿರ ಇನ್ಸ್‌ಪೆಕ್ಟರ್ ಕೈಗಡಿಯಾರ ಹಿಡಿದು ನಿಂತಿರುತ್ತಾನೆ, ಬೈಗುಳ ನನಗೆ. ಸಿರಿಲ್ ಆ ಹುಡುಗಿಗೆ 'ಲಂಗರು' ಅಂತ ಹೆಸರಿಟ್ಟಿದ್ದಾನೆ. ಜಿಲ್ ಮಾತ್ರ ಅವಳ ಪಕ್ಕದಲ್ಲೇ ಕೂರಬೇಕು ಅಂತ ಹಟ ಮಾಡುತ್ತಾಳೆ. ನಿನ್ನ ಮಗಳ ಕರುಳು ನಿನ್ನದೇ.

ನೀನು ಮೂವರಾಗುವ ಸುದ್ದಿ ಮತ್ತೆ ಬರೆಯಲೇ ಇಲ್ಲ. ನಾನೂ ಕೇಳುವುದಿಲ್ಲ.

ಹಿಲ್ಡಾ ಚಿಕ್ಕಮ್ಮ


ಅಡಿಲೇಡ್
13 ನವೆಂಬರ್ 1960

ಪ್ರೀತಿಯ ಚಿಕ್ಕಮ್ಮ,

ಕೋಳಿಯ ಮೇಲೆ ಕೂತ ಜಿಲ್‌ಳನ್ನು ನೆನೆದು ನಕ್ಕೆ. ಕೀತ್ ಯಾಕೆ ನಗುತ್ತೀಯ ಅಂದ. ನಿನ್ನದೊಂದು ತಮಾಷೆ ಪತ್ರ ಅಂದೆ.

ಆದರೆ ಒಂದು ವಿಷಯ ಹೇಳಲೇಬೇಕು. ಆ ಕಾಲಿನ ಹುಡುಗಿ. ಇಲ್ಲಿ ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ಎರಡು ಮಕ್ಕಳಿಗೆ ಆ ಕಾಯಿಲೆ ಬಂತು, ಒಬ್ಬರಿಂದ ಒಬ್ಬರಿಗೆ. ಹಳೆಯದಾದರೆ ಅಂಟುವುದಿಲ್ಲ ಅನ್ನುತ್ತಾರೆ. ಹೇಳುವವರಿಗೇನು, ಅವರ ಮಗಳಲ್ಲವಲ್ಲ. ಚಿಕ್ಕಮ್ಮ, ಅವಳನ್ನು ಜಿಲ್ ಪಕ್ಕದಲ್ಲಿ ಕೂರಿಸಬೇಡ. ನಾನು ಕೆಟ್ಟವಳು ಅನ್ನಿಸಿದರೆ ಅನ್ನಿಸಲಿ. ಆ ಹುಡುಗಿಗೆ ಅವಳ ತಾಯಿ ಇದ್ದಾಳೆ. ನನ್ನ ಮಗಳಿಗೆ ಆ ಬಸ್ಸಿನಲ್ಲಿ ನೀನು ಮಾತ್ರ ಇರುವುದು.

ಇದೊಂದು ನನಗಾಗಿ ಮಾಡು.

ಬೆರಿಲ್


ನಾಟಿಂಗ್‌ಹ್ಯಾಮ್
8 ಜನವರಿ 1961

ಪ್ರೀತಿಯ ಬೆರಿಲ್,

ನೀನು ಹೇಳಿದ ಹಾಗೆ ಮಾಡಿದೆ. ಕಾಲು ಚಾಚಲು ಜಾಗ ಬೇಕಲ್ಲ, ಇನ್ನು ಮೇಲೆ ಮೆಟ್ಟಿಲ ಹತ್ತಿರದ ಉದ್ದ ಬೆಂಚಿನಲ್ಲೇ ಕೂರು ಅಂತ ಹೇಝೆಲ್‌ಗೆ ಹೇಳಿದೆ. ಅಲ್ಲಿ ಗಾಳಿ ಹೊಡೆಯುತ್ತದೆ, ಆದರೆ ಹತ್ತಿಳಿಯಲು ಸಲೀಸು. ಅದು ಚೀಲ ಎತ್ತಿಕೊಂಡು ಹೋಗಿ ಕೂತಿತು. ಜಿಲ್ ಎರಡು ದಿನ ಮುಖ ಊದಿಸಿಕೊಂಡಿದ್ದಳು, ಈಗ ಇನ್ನೊಬ್ಬಳ ಜೊತೆ ಸ್ನೇಹವಾಗಿದೆ.

ನೀನು ನಿಶ್ಚಿಂತೆಯಿಂದಿರು. ನಿನ್ನ ಮಗಳ ಕೂದಲೂ ಕೊಂಕದ ಹಾಗೆ ನೋಡಿಕೊಳ್ಳುತ್ತೇನೆ.

ಹಿಲ್ಡಾ ಚಿಕ್ಕಮ್ಮ


(ಅಂಚೆಗೆ ಹಾಕದ ಪತ್ರ)

ನಾಟಿಂಗ್‌ಹ್ಯಾಮ್
10 ಫೆಬ್ರವರಿ 1963

ಬೆರಿಲ್,

ಇದನ್ನು ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ.

ಮೊನ್ನೆ ಹಿಮದಲ್ಲಿ ಬಸ್ಸು ಪಾರ್ಕ್ ಗೇಟಿನಲ್ಲಿ ಅರ್ಧ ಗಂಟೆ ಸಿಕ್ಕಿಹಾಕಿಕೊಂಡಿತು. ಮಿಸೆಸ್ ಬ್ರಾಡ್ಲಿ ಇದ್ದಳು, ಎರಡನೆಯದು ಹೊಟ್ಟೆಯಲ್ಲಿ, ಏಳು ತಿಂಗಳು. ಜಿಲ್ ಕೈಯಲ್ಲಿ ಗೊಂಬೆ. ಗೊಂಬೆಗೆ ನಿನ್ನ ಹಸಿರು ಕೋಟು ತೊಡಿಸಿದ್ದಳು. ನಾನು ಪೆದ್ದಿ, ಎಷ್ಟು ವರ್ಷ ಜೋಪಾನ ಮಾಡಿದ್ದೀರಿ, ನೀವೇ ಹೆಣೆದದ್ದಾ ಅಂತ ಕೇಳಿದೆ. ಅವಳ ಬಾಯಿಂದ ಏನು ಬರುತ್ತದೋ ನೋಡೋಣ ಅಂತ.

ಅವಳು ನಕ್ಕಳು. 'ನಾನೆಲ್ಲಿ ಹೆಣೀಲಿ, ನಂಗೆ ಗುಂಡಿ ಹಾಕಕ್ಕೂ ಬರಲ್ಲ. ಚರ್ಚ್ ಹಾಲಲ್ಲಿ ಹಳೇ ಬಟ್ಟೆ ಮಾರ್ತಾರಲ್ಲ, ಅಲ್ಲಿ ಸಿಕ್ತು. ಬಾಗಿಲು ತೆಗೆದ ತಕ್ಷಣ ನುಗ್ಗಿದ್ದೆ. ಜಿಲ್ ಆಗಿನ್ನೂ ಹೊಟ್ಟೇಲಿದ್ಲು. ಜುಲೈನಲ್ಲಿ ಹುಟ್ಟಿದ್ದು ಇವ್ಳು, ಎರಡು ದಿನ ನನ್ನ ಪ್ರಾಣ ತಿಂದು.'

ಬೆರಿಲ್, ಜಿಲ್ ನಿನ್ನ ಮಗಳಲ್ಲ. ಅವಳು ಮಿಸೆಸ್ ಬ್ರಾಡ್ಲಿಯ ಹೊಟ್ಟೆಯಲ್ಲೇ ಹುಟ್ಟಿದ ಮಗಳು. ನಿನ್ನ ಮಗುವನ್ನು ತೆಗೆದುಕೊಂಡವರು ನೀನು ಹೆಣೆದದ್ದನ್ನು ಚರ್ಚಿಗೆ ಕೊಟ್ಟುಬಿಟ್ಟಿದ್ದಾರೆ. ಈ ಕಡೆ ಯಾರ ಮನೆಯ ಬಟ್ಟೆ ಯಾರ ಮೈಮೇಲೆ ಇರುವುದಿಲ್ಲ? ನನ್ನ ಕೈಗವಸೇ ಬೇರೆಯವರದು. ಅದನ್ನು ಹಾಕಿಕೊಂಡೇ ನಾನು ಆ ಚಿಪ್ಪುಗಳನ್ನು ಎಣಿಸಿದ್ದೆ, ಆದರೂ ನನ್ನ ತಲೆಗೆ ಹೊಳೆಯಲಿಲ್ಲ.

ಆರು ವರ್ಷ ಬೇರೆಯವಳ ಮಗಳನ್ನು ನಿನಗೆ


ನಾಟಿಂಗ್‌ಹ್ಯಾಮ್
10 ಫೆಬ್ರವರಿ 1963

ಪ್ರೀತಿಯ ಬೆರಿಲ್,

ಇಲ್ಲಿ ಹಿಮ ಮೊಣಕಾಲುದ್ದ ಬಿದ್ದಿದೆ. ಜಿಲ್ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಎರಡು ಬಿದ್ದಿವೆ. ನನಗೆ ಸ್ವಲ್ಪ ಮಂಡಿ ನೋವು, ಅದಕ್ಕೇ ಚುಟುಕಾಗಿ ಬರೆದಿದ್ದೇನೆ.

ಹಿಲ್ಡಾ ಚಿಕ್ಕಮ್ಮ


ಅಡಿಲೇಡ್
20 ಸೆಪ್ಟೆಂಬರ್ 1964

ಪ್ರೀತಿಯ ಚಿಕ್ಕಮ್ಮ,

ನಿನ್ನ ಪತ್ರಗಳು ವರ್ಷದಿಂದ ಅಂಗೈ ಅಗಲಕ್ಕೆ ಇಳಿದಿವೆ. ಮಂಡಿ ನೋವಾದರೆ ಕೈಗೇನಾಗಿದೆ? ಮೊದಲು ಬೇಕರಿ ಗಾಜಿನ ಮೇಲಿನ ಮೂಗಿನ ಗುರುತನ್ನೂ ಬರೆಯುತ್ತಿದ್ದೆ. ಈಗ 'ಜಿಲ್ ಚೆನ್ನಾಗಿದ್ದಾಳೆ' ಅಷ್ಟೇ. ಅವಳಿಗೆ ಏನಾದರೂ ಆಗಿದೆಯಾ? ಮುಚ್ಚಿಡಬೇಡ.

ಒಂದು ಹುಚ್ಚು ಕೆಲಸ ಮಾಡಿದೆ. ಒಂಬತ್ತು ವರ್ಷದ ಹುಡುಗಿಯ ಅಳತೆಗೆ ಇನ್ನೊಂದು ಕೋಟು ಹೆಣೆದೆ. ಅದೇ ಹಸಿರು, ಅದೇ ಚಿಪ್ಪು. ಎಡತೋಳಿನಲ್ಲಿ ಒಂದನ್ನು ಬೇಕೆಂದೇ ತಲೆಕೆಳಗು ಮಾಡಿದೆ. ಯಾರಿಗೆ ಅಂತ ಕೀತ್ ಕೇಳಿದ. ಅಕ್ಕಪಕ್ಕದವರಿಗೆ ಅಂದೆ. ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ.

ಬೆರಿಲ್


ನಾಟಿಂಗ್‌ಹ್ಯಾಮ್
25 ಅಕ್ಟೋಬರ್ 1964

ಪ್ರೀತಿಯ ಬೆರಿಲ್,

ಜಿಲ್‌ಗೆ ಏನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದ್ದಾಳೆ. ಜಾತ್ರೆಯಲ್ಲಿ ಬಟಾಣಿ ತಿಂದು ಬಸ್ಸಿನಲ್ಲೇ ವಾಂತಿ ಮಾಡಿದಳು, ತೊಳೆದವಳು ನಾನು. ಮಾಂಸದಂಗಡಿಯವನು ತೀರಿಕೊಂಡ, ಅವನ ಮಗ ಕೂತಿದ್ದಾನೆ, ಅವನು ಕತ್ತಿ ತೋರಿಸುವುದಿಲ್ಲ. ಆ ಕಾಲಿನ ಹುಡುಗಿ ಈಗ ಒಬ್ಬಳೇ ಬರುತ್ತಾಳೆ, ಇನ್ನೂ ನಿಧಾನ. ಸ್ಟೇಷನ್ ಮುಚ್ಚುತ್ತಾರೆ ಅಂತ ಸುದ್ದಿ, ಗಡಿಯಾರದ ಗೋಪುರ ಒಂದನ್ನು ಬಿಡುತ್ತಾರಂತೆ.

ಇನ್ನು ಉದ್ದ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ.

ಹಿಲ್ಡಾ ಚಿಕ್ಕಮ್ಮ


ಅಡಿಲೇಡ್
17 ಏಪ್ರಿಲ್ 1966

ಪ್ರೀತಿಯ ಚಿಕ್ಕಮ್ಮ,

ನಾನು ಬರುತ್ತಿದ್ದೇನೆ.

ಕೀತ್‌ಗೆ ಎಲ್ಲ ಹೇಳಿಬಿಟ್ಟೆ. ನಿನಗೂ ಒಂದು ಹೇಳಿರಲಿಲ್ಲ, ಈಗ ಹೇಳುತ್ತೇನೆ. ಒಂಬತ್ತು ವರ್ಷದಲ್ಲಿ ಮೂರು ಸಲ ಬಸಿರು ನಿಂತು ಮೂರು ಸಲವೂ ಹೋಯಿತು. ಮೂರನೆಯದು ಐದು ತಿಂಗಳಿನದು. ಇನ್ನು ಆಗುವುದಿಲ್ಲ ಅಂದರು ಡಾಕ್ಟರು. ಆ ದಿನಗಳಲ್ಲೆಲ್ಲ ನಾನು ಹಾಸಿಗೆಯಲ್ಲಿ ಮಲಗಿ ನಿನ್ನ ಪತ್ರ ತೆಗೆದು ಡೇಬ್ರೂಕ್‌ನಿಂದ ಬಸ್ಸು ಹತ್ತುತ್ತಿದ್ದೆ. ದಿಣ್ಣೆ, ಪಾರ್ಕು, ಮಾಂಸದಂಗಡಿ, ಬೇಕರಿ, ಕಾರಿಂಗ್ಟನ್. ಅವಳು ಇಳಿದುಹೋದ ಮೇಲೆ ಮತ್ತೆ ಡೇಬ್ರೂಕ್‌ನಿಂದ ಶುರು. ಹಾಗೆ ನಾನು ಬದುಕಿದ್ದು.

ಹೇಳಿದ ಮೇಲೆ ಕೀತ್ ಎರಡು ದಿನ ಹಗಲೂ ರಾತ್ರಿ ಮರ ಹೆರೆದ. ಮೂರನೆಯ ದಿನ ಹಡಗಿನ ಕಚೇರಿಗೆ ಹೋಗಿ ಟಿಕೆಟ್ ತಂದು ಮೇಜಿನ ಮೇಲಿಟ್ಟು, 'ಹೋಗಿ ಒಂದ್ಸಲ ಕಣ್ತುಂಬ ನೋಡ್ಕೊಂಡು ಬಾ' ಅಂದ. ಸೆಪ್ಟೆಂಬರ್ 12ಕ್ಕೆ ಹಡಗು.

ಅವಳನ್ನು ಮಾತಾಡಿಸುವುದಿಲ್ಲ, ಆಣೆ. ಒಂದೇ ಒಂದು ವಾರ ಎಂಟೂ ಹತ್ತರ ಬಸ್ಸಿನಲ್ಲಿ ಅವಳ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ನೀನು ನನಗೂ ಒಂದು ಟಿಕೆಟ್ ಕೊಡು, ಗುರುತಿಲ್ಲದವಳ ಹಾಗೆ.

ಬೆರಿಲ್


ನಾಟಿಂಗ್‌ಹ್ಯಾಮ್
21 ಆಗಸ್ಟ್ 1966

ಬೆರಿಲ್,

ನಿನ್ನ ಪತ್ರ ಮೇ ಮೊದಲ ವಾರ ತಲುಪಿತು. ಇಷ್ಟು ದಿನ ಉತ್ತರ ಬರೆಯಲಿಲ್ಲ. ಇದರ ಜೊತೆ ಮೂರು ವರ್ಷದ ಹಿಂದೆ ಬರೆದು ಅರ್ಧಕ್ಕೆ ಬಿಟ್ಟ ಪತ್ರ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಓದಿದೆಯಾ? ಇನ್ನೂ ಇದೆ.

ನನಗೆ ಗೊತ್ತಾದ ಮೇಲೂ ನಿನಗೆ ಸುಳ್ಳು ಬರೆದೆ. ನಿನ್ನ ಮನಸ್ಸು ಮುರಿಯುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ನನ್ನ ಬಾಗಿಲಿಗೆ ಬರುವ ಪತ್ರ ಎಂದರೆ ನಿನ್ನದು ಒಂದೇ. ಜಿಲ್ ಇಲ್ಲದಿದ್ದರೆ ನೀನು ನನಗೆ ಬರೆಯುತ್ತಿದ್ದೆಯಾ? ಉಳಿದರ್ಧ ಅದು.

ಆ ಕೋಟನ್ನು ಚರ್ಚ್ ಹಾಲಿಗೆ ಕೊಟ್ಟವರು ಯಾರು ಅಂತ ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ರಾಶಿ ರಾಶಿ ಬಟ್ಟೆ ಬರುತ್ತದೆ, ಯಾರಿಗೆ ನೆನಪಿರುತ್ತದೆ ಅಂತ ನೆವ ಹೂಡಿದೆ. ನೀನು ಬರುತ್ತೀಯ ಅಂತ ತಿಳಿದ ಮೇಲೂ ಮೂರು ತಿಂಗಳು ಆ ಹಾಲಿನ ಮುಂದೆ ದಿನಕ್ಕೆ ಎಂಟು ಸಲ ಹೋಗಿ ಬಂದೆ, ಇಳಿಯಲಿಲ್ಲ. ಕೊನೆಗೆ ಈ ಬುಧವಾರ ಇಳಿದೆ. ಮಾರಾಟ ನೋಡಿಕೊಳ್ಳುವ ಮಿಸೆಸ್ ವಿಲ್ಮಟ್ ಎಂಬ ಮುದುಕಿ ಬಟ್ಟೆ ಮಡಚುತ್ತಿದ್ದಳು. ಹಸಿರು ಕೋಟು, ಚಿಪ್ಪಿನ ಹೆಣಿಗೆ, ಹನ್ನೊಂದು ವರ್ಷದ ಹಿಂದೆ ಅಂತ ಶುರುಮಾಡಿದೆ. ಬಾಯಿ ಮುಚ್ಚುವ ಮೊದಲೇ ಉತ್ತರ ಬಂತು.

'ಅಯ್ಯೋ, ನೆನಪಿಲ್ದೆ ಏನು. ಮಿಸೆಸ್ ಲೋಮಸ್ ಕೊಟ್ಟಿದ್ದು. ಮಗು ಮನೆಗೆ ಬಂದ ವಾರಾನೇ ಕಾಗದದ ಚೀಲದಲ್ಲಿ ಎಲ್ಲಾನೂ ತಂದು ಸುರಿದ್ಲು. ನನ್ನ ಮಗಳಿಗೆ ಎಲ್ಲ ಹೊಸದೇ ಆಗ್ಬೇಕು ಅಂದ್ಲು. ಎಷ್ಟು ಚೆಂದದ ಕೆಲಸ, ಇಟ್ಕೊಳ್ಳಮ್ಮಾ ಅಂದೆ. ಕೇಳ್ಲಿಲ್ಲ. ಪಾಪ, ಆಮೇಲೆ ಆ ಮಗು ಕಾಲು ಹಾಗಾಯ್ತು.'

ಹೇಝೆಲ್, ಬೆರಿಲ್. ಮೆಟ್ಟಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿದ ಹುಡುಗಿಯೇ ನಿನ್ನ ರೂಥ್.

ಒಂದೇ ಪ್ರಶ್ನೆ, ಅರ್ಧ ನಿಮಿಷದ ಉತ್ತರ. ಅಲ್ಲಿಂದ ಓಡಿ ಪಾರ್ಕಿನ ಹತ್ತಿರ ಲೋಮಸ್ ಮನೆಗೆ ಹೋದೆ. ಕಿಟಕಿಗೆ ಪರದೆ ಇರಲಿಲ್ಲ. ಗಂಡನಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿ ಜುಲೈ ಕೊನೆಗೇ ಹೊರಟುಹೋದರು ಅಂದರು ಪಕ್ಕದ ಮನೆಯವರು. ಯಾವ ಊರು ಅಂತ ಯಾರಿಗೂ ಗೊತ್ತಿಲ್ಲ. ಸ್ಕೂಲಿಗೆ ರಜೆ, ಹೆಡ್‌ಮಾಸ್ಟರ ಮನೆಗೇ ಹೋಗಿ ಕೇಳಿದೆ, ನೀವು ಯಾರು ಅಂದರು. ಏನು ಹೇಳಲಿ? ಬಸ್ ಕಂಡಕ್ಟರ್ ಅಂದೆ. ಬಾಗಿಲು ಹಾಕಿಕೊಂಡರು.

ಮೇ ತಿಂಗಳಲ್ಲಿ ಕೇಳಿದ್ದರೆ ಅವಳು ಇನ್ನೂ ನನ್ನ ಬಸ್ಸಿನಲ್ಲೇ ಇದ್ದಳು. ಅವಳ ಕಿವಿಗಳು ನಿನ್ನಮ್ಮನ ಕಿವಿಗಳು, ಮೇಲ್ತುದಿ ಚೂಪು. ಆರು ವರ್ಷ ಕಣ್ಣೆದುರಿಗೇ ಇದ್ದವು. ನಾನು ಅವಳ ಕಾಲೊಂದನ್ನೇ ನೋಡಿದೆ.

ಕ್ಷಮಿಸು ಅಂತ ಬರೆಯಲೂ ನನಗೆ ನಾಚಿಕೆ.

ಹಿಲ್ಡಾ


ಅಡಿಲೇಡ್
4 ಸೆಪ್ಟೆಂಬರ್ 1966

ಹಿಲ್ಡಾ ಚಿಕ್ಕಮ್ಮ,

ಟಿಕೆಟ್ ವಾಪಸು ಮಾಡಿದೆ. ಕೀತ್ ಸಂಸ್ಥೆಗೆ ಪತ್ರ ಬರೆಯುತ್ತೇನೆ ಅನ್ನುತ್ತಾನೆ. ಅವರು ಏನೂ ಹೇಳುವುದಿಲ್ಲ, ನನಗೆ ಗೊತ್ತು. ದತ್ತು ಕಾಗದಕ್ಕೆ ಸಹಿ ಹಾಕಿದವಳು ನಾನೇ.

ನಿನ್ನನ್ನು ಬೈದು ನಾಲ್ಕು ಪತ್ರ ಬರೆದು ಹರಿದೆ. ಅವಳನ್ನು ಆ ಬೆಂಚಿಗೆ ಕಳಿಸಿದವಳು ನಾನು. ಆ ಹುಡುಗಿಗೆ ಅವಳ ತಾಯಿ ಇದ್ದಾಳೆ ಅಂತ ಬರೆದವಳು ನಾನು. ಆ ಸಾಲು ನಿನ್ನ ಹತ್ತಿರ ಇನ್ನೂ ಇದ್ದರೆ ಒಲೆಗೆ ಹಾಕು.

ನಿನ್ನ ಪತ್ರಗಳನ್ನೆಲ್ಲ ಮೊದಲಿನಿಂದ ಮತ್ತೆ ಓದಿದೆ, ಈ ಸಲ ಅವಳಿಗಾಗಿ. ಹತ್ತು ವರ್ಷದಲ್ಲಿ ಅವಳ ಬಗ್ಗೆ ನೀನು ಬರೆದದ್ದು ಹದಿನಾಲ್ಕು ಸಾಲು. ಅವಳ ಕೂದಲು ಯಾವ ಬಣ್ಣ ಅಂತಲೂ ಅದರಲ್ಲಿಲ್ಲ.

ಒಂದೇ ಒಂದು ಕೇಳುತ್ತೇನೆ, ಇದಕ್ಕೆ ಸುಳ್ಳು ಬರೆಯಬೇಡ. ಅವಳು ಆ ಮೆಟ್ಟಿಲು ಹತ್ತುವಾಗ ನೀನು ಯಾವತ್ತಾದರೂ ಕೈ ಕೊಟ್ಟಿದ್ದೆಯಾ?

ಬೆರಿಲ್


ನಾಟಿಂಗ್‌ಹ್ಯಾಮ್
18 ಸೆಪ್ಟೆಂಬರ್ 1966

ಬೆರಿಲ್,

ಕೊಟ್ಟಿದ್ದೆ ಅಂತ ಬರೆದು ಹರಿದುಹಾಕಿದೆ.

ಕೂದಲು ಕಂದು, ನಿನ್ನದೇ ಕಂದು. ಗಿಡ್ಡ ಕತ್ತರಿಸಿದ್ದರು, ಎಡಗಡೆ ಒಂದು ಕ್ಲಿಪ್ಪು. ಬೆಂಚಿನಲ್ಲಿ ಕೂತು ಪುಸ್ತಕ ಓದುತ್ತಿದ್ದಳು. ಗಾಳಿಗೆ ಹಾಳೆ ಹಾರದ ಹಾಗೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದಳು. ಟಿಕೆಟ್ ಕೊಟ್ಟಾಗಲೆಲ್ಲ ಥ್ಯಾಂಕ್ಸ್ ಅನ್ನುತ್ತಿದ್ದಳು. ಜಿಲ್ ಒಂದು ದಿನವೂ ಅಂದವಳಲ್ಲ. ನಿನ್ನ ಪತ್ರ ಬಂದಾಗಿನಿಂದ ನೆನಪು ಕೆದಕಿ ಕೆದಕಿ ಸಿಕ್ಕಿದ್ದು ಇಷ್ಟೇ. ಇನ್ನು ಸಿಕ್ಕಿದರೆ ಬರೆಯುತ್ತೇನೆ, ನೀನು ಓದುವುದಾದರೆ.

ನೀನು ಕೇಳಿದ್ದಕ್ಕೆ ಉತ್ತರ, ಇಲ್ಲ. ಒಂದು ದಿನವೂ ಕೊಡಲಿಲ್ಲ. ಮೊದಲು ಅವಳ ತಾಯಿ ಎತ್ತಿ ಹತ್ತಿಸುತ್ತಿದ್ದಳು. ಒಂಬತ್ತು ತುಂಬಿದ ಮೇಲೆ ಒಬ್ಬಳೇ ಬರುತ್ತಿದ್ದಳು. ಮೊದಲು ಚೀಲ ಒಳಗಿಡುವಳು, ಆಮೇಲೆ ಕಂಬ ಹಿಡಿಯುವಳು, ಒಳ್ಳೆಯ ಕಾಲು ಮೆಟ್ಟಿಲ ಮೇಲಿಟ್ಟು ಕಬ್ಬಿಣದ ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟುಕೊಳ್ಳುವಳು. ನಾನು ಮೇಲೆ ನಿಂತು ಬಸ್ಸು ಹೊರಡಿಸುವ ಗಂಟೆಯ ಹಗ್ಗ ಹಿಡಿದು ನೋಡುತ್ತಿದ್ದೆ.

ಕೊನೆಯ ವಾರದ ಒಂದು ದಿನ ಮಳೆ. ಸಿರಿಲ್ ಗಾಜು ಬಡಿಯುತ್ತಿದ್ದ. ಅವಳ ಕೈ ಜಾರುತ್ತಿತ್ತು. ಬೇಗ ಬೇಗ, ನಿನ್ನಿಂದ ದಿನಾ ಬೈಸ್ಕೋಬೇಕು ನಾನು ಅಂತ ಗದರಿದೆ. ಅವಳು ಇನ್ನೂ ಅರ್ಧ ಹೊರಗೇ ಇದ್ದಳು. ಎರಡೂ ಕೈಯಿಂದ ಕಂಬ ತಬ್ಬಿಕೊಂಡು ನನ್ನ ಮುಖ ನೋಡಿ, 'ಗಂಟೆ ಹೊಡೀರಿ ಮಿಸೆಸ್, ನಾನು ಹಿಡ್ಕೊಂಡಿದೀನಿ' ಅಂದಳು.

ನಾನು ಗಂಟೆ ಹೊಡೆದೆ.

ಹಿಲ್ಡಾ